ಮಿತ್ರನ ಗುಡಿಗಳಲ್ಲಿ ಮಕ್ಕಳಿರಲಿಲ್ಲ

ಸೂರ್ಯನಮಸ್ಕಾರ ಕಲಿಯುವ ಮಕ್ಕಳು ಹೇಳುವ ಹನ್ನೆರಡು ಹೆಸರುಗಳಲ್ಲಿ ಮೊದಲನೆಯದು 'ಮಿತ್ರ'. ಇದೇ ಹೆಸರಿನ ದೇವರೊಬ್ಬನಿಗೆ ಸುಮಾರು 1,800 ವರ್ಷಗಳ ಹಿಂದೆ ಲಂಡನ್ನಿನಿಂದ ಸಿರಿಯಾದವರೆಗೆ ಗುಡಿಗಳಿದ್ದವು ಎಂದು ಹೇಳಿ ನೋಡಿ, ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ.

ಮಿತ್ರ ಹಳೆಯ ಹೆಸರು. ಋಗ್ವೇದದಲ್ಲಿದೆ, ಇರಾನಿನ ಅವೆಸ್ತಾದಲ್ಲಿದೆ. ಕ್ರಿ.ಪೂ. 14ನೇ ಶತಮಾನದಲ್ಲಿ ಹಿಟೈಟ್ ಮತ್ತು ಮಿತನ್ನಿ ರಾಜರು ಮಾಡಿಕೊಂಡ ಒಪ್ಪಂದದಲ್ಲಿ ವರುಣ, ಇಂದ್ರರ ಜೊತೆ ಮಿತ್ರನೂ ಸಾಕ್ಷಿ. ಆ ಒಪ್ಪಂದದ ಮಣ್ಣಿನ ಫಲಕಗಳು ಸಿಕ್ಕಿದ್ದು ಇಂದಿನ ಟರ್ಕಿಯಲ್ಲಿ. ರೋಮನ್ನರು ಇವನನ್ನು ಪರ್ಷಿಯಾದ ದೇವರೆಂದು ತಿಳಿದು 'ಮಿಥ್ರಾಸ್' ಎಂದು ಕರೆದರು. ಆದರೆ ಅವರು ಕಲ್ಲಿನಲ್ಲಿ ಕೆತ್ತಿದ ಕಥೆ ಬೇರೆಯೇ. ಟೋಪಿ ತೊಟ್ಟ ಯುವಕನೊಬ್ಬ ಗೂಳಿಯನ್ನು ಮಣಿಸಿ ಇರಿಯುತ್ತಿದ್ದಾನೆ. ಪಕ್ಕದಲ್ಲಿ ನಾಯಿ, ಹಾವು, ಚೇಳು, ಕಾಗೆ. ಮಿತ್ರ ಗೂಳಿಯನ್ನು ಕೊಂದ ಕಥೆ ಋಗ್ವೇದದಲ್ಲೂ ಇಲ್ಲ, ಅವೆಸ್ತಾದಲ್ಲೂ ಇಲ್ಲ.

ಈ ಗುಡಿಗಳು ಹೊರಗೆ ಎದ್ದು ಕಾಣುವಂಥವಲ್ಲ. ನೆಲಮಾಳಿಗೆಯಂಥ, ಗುಹೆಯಂಥ ಇಕ್ಕಟ್ಟು ಕೋಣೆ. ಎರಡೂ ಬದಿಗೆ ಕಲ್ಲಿನ ಜಗಲಿ, ಎದುರು ಗೋಡೆಯಲ್ಲಿ ಗೂಳಿಯ ಕೆತ್ತನೆ. ಇಪ್ಪತ್ತು ಮೂವತ್ತು ಜನ ಕೂತು ಒಟ್ಟಿಗೆ ಉಣ್ಣುತ್ತಿದ್ದರು. ಅವರು ತಿಂದು ಬಿಟ್ಟ ಕೋಳಿ ಮೂಳೆಗಳೂ ಸಿಕ್ಕಿವೆ. ರೋಮ್ ಬಳಿಯ ಓಸ್ತಿಯಾ ಬಂದರೊಂದರಲ್ಲೇ ಇಂಥ ಹದಿನೈದಕ್ಕಿಂತ ಹೆಚ್ಚು ಗುಡಿಗಳಿವೆ. ಲಂಡನ್ನಿನಲ್ಲಿ 1954ರಲ್ಲಿ ಸಿಕ್ಕಿದ್ದನ್ನು ಈಗ ಬ್ಲೂಮ್‌ಬರ್ಗ್ ಕಟ್ಟಡದ ಕೆಳಗೆ ನೋಡಬಹುದು.

ಇಷ್ಟೆಲ್ಲ ಸಿಕ್ಕರೂ ಇವರ ಧರ್ಮಗ್ರಂಥವೆಂದು ಒಂದು ಪುಸ್ತಕವೂ ಉಳಿದಿಲ್ಲ. ಗೂಳಿಯ ಅರ್ಥವೇನು, ಚೇಳೇಕೆ ಎಂದು ವಿದ್ವಾಂಸರು ನೂರು ವರ್ಷಗಳಿಂದ ವಾದಿಸುತ್ತಲೇ ಇದ್ದಾರೆ. ಇದು ದೀಕ್ಷೆ ಪಡೆದವರ ಗುಟ್ಟಿನ ಕೂಟ. ಸೈನಿಕರು, ವ್ಯಾಪಾರಿಗಳು, ಗುಲಾಮಗಿರಿಯಿಂದ ಬಿಡುಗಡೆಯಾದವರು, ಹೀಗೆ ಗಂಡಸರಷ್ಟೇ ಸೇರುತ್ತಿದ್ದರು. ದೀಕ್ಷೆಯಲ್ಲಿ ಏಳು ಮೆಟ್ಟಿಲು. ಮೊದಲನೆಯದರ ಹೆಸರು 'ಕಾಗೆ', ಕೊನೆಯದರ ಹೆಸರು 'ತಂದೆ'. ಅತಿ ದೊಡ್ಡ ಪದವಿಗೆ 'ತಂದೆ' ಎಂಬ ಹೆಸರಿದ್ದರೂ ಆ ಕೂಟಕ್ಕೆ ತಾಯಂದಿರಿಗಾಗಲಿ ಮನೆಯ ಪುಟ್ಟ ಮಕ್ಕಳಿಗಾಗಲಿ ಪ್ರವೇಶವಿರಲಿಲ್ಲ. ನಾಲ್ಕನೇ ಶತಮಾನ ಮುಗಿಯುವ ಹೊತ್ತಿಗೆ ಕ್ರೈಸ್ತ ಧರ್ಮಕ್ಕೆ ರಾಜಾಶ್ರಯ ಸಿಕ್ಕಿತು, ಮಿತ್ರನ ಗುಡಿಗಳು ಮುಚ್ಚಿದವು. ಮುಚ್ಚಿದ ಮೇಲೆ ಕಥೆ ಹೇಳುವವರು ಯಾರೂ ಉಳಿಯಲಿಲ್ಲ. ಅಡುಗೆಮನೆಯಲ್ಲಿ, ತೊಟ್ಟಿಲ ಬಳಿ ಆ ಕಥೆ ಬೇರೂರಿರಲಿಲ್ಲ ಎಂಬುದೂ ಇದಕ್ಕೆ ಒಂದು ಕಾರಣವೆಂದು ನನಗನಿಸುತ್ತದೆ.

ಇದನ್ನು ಇಲ್ಲಿಯದೇ ಒಂದು ಗುಡಿಯೊಂದಿಗೆ ಹೋಲಿಸಿ ನೋಡಿ. ದುಬೈನಿಂದ ರಾಸ್ ಅಲ್ ಖೈಮಾ ಕಡೆ ಹೋಗುವ ಹೆದ್ದಾರಿಯ ಪಕ್ಕ, ಉಮ್ ಅಲ್ ಕುವೈನ್‌ನಲ್ಲಿ, ಎದ್-ದೂರ್ ಎಂಬ ಹಳೆಯ ಊರಿನ ಅವಶೇಷಗಳಿವೆ. ಎರಡು ಸಾವಿರ ವರ್ಷಗಳ ಹಿಂದೆ ಅದು ದೊಡ್ಡ ವ್ಯಾಪಾರದ ಊರು. ಅಲ್ಲಿ ರೋಮನ್ ಗಾಜಿನ ಪಾತ್ರೆಗಳು ಸಿಕ್ಕಿವೆ, ಭಾರತದ ಮಡಕೆ ಚೂರುಗಳೂ ಸಿಕ್ಕಿವೆ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಗೆ ರೋಮನ್ ಬೆಳ್ಳಿ ನಾಣ್ಯಗಳು ಬಂದು ಸೇರಿದ್ದೂ ಸರಿಸುಮಾರು ಅದೇ ಕಾಲದ ವ್ಯಾಪಾರದಿಂದ. ಬೆಲ್ಜಿಯಂನ ತಜ್ಞರು ಅಗೆದು ತೆಗೆದ ಎದ್-ದೂರ್‌ನ ಗುಡಿ ಚಿಕ್ಕದು, ಬದಿಗೆ ಸುಮಾರು 8 ಮೀಟರ್. ಅದರಲ್ಲಿದ್ದ ಕಲ್ಲಿನ ಬಾನಿಯ ಮೇಲೆ ಅರಾಮಿಕ್ ಭಾಷೆಯ ಬರಹವಿತ್ತು. ಬಹುಪಾಲು ಸವೆದುಹೋಗಿದ್ದರೂ ಒಂದು ಹೆಸರನ್ನು ಓದಲು ಸಾಧ್ಯವಾಯಿತು: ಶಮಶ್. ಶಾಲೆಯಲ್ಲಿ ಅರಬ್ಬಿ ಕಲಿಯುವ ನಿಮ್ಮ ಮಗುವನ್ನು ಕೇಳಿ, 'ಶಮ್ಸ್' ಎಂದರೆ ಸೂರ್ಯ ಎಂದು ಥಟ್ಟನೆ ಹೇಳುತ್ತದೆ. ಆ ಒಂದು ಪದದಿಂದ ಅದು ಸೂರ್ಯದೇವನ ಗುಡಿಯೆಂದು ಗೊತ್ತಾಯಿತು. ಆ ಪದ ಇನ್ನೂ ಜನರ ನಾಲಿಗೆಯ ಮೇಲಿದೆ.

ಗಲ್ಫಿನಲ್ಲಿ ಮಕ್ಕಳನ್ನು ಬೆಳೆಸುವ ನಮಗೆ ಇದು ದೂರದ ಮಾತಲ್ಲ. ಇಲ್ಲಿ ನಮ್ಮಲ್ಲಿ ಹೆಚ್ಚಿನವರ ಮನೆ ಬಾಡಿಗೆಯದು, ಇರುವುದು ವೀಸಾ ಇರುವವರೆಗೆ. ಮಕ್ಕಳು ಹನ್ನೆರಡನೇ ತರಗತಿ ಮುಗಿಸಿ ಇನ್ನೊಂದು ದೇಶಕ್ಕೆ ಹೊರಡುತ್ತಾರೆ. ಜೊತೆಗೆ ಒಂದು ಹಿತ್ತಾಳೆ ದೀಪ ಕಟ್ಟಿಕೊಡುತ್ತೇವೆ. ರಥಸಪ್ತಮಿಯ ದಿನ ತಲೆ, ಭುಜಗಳ ಮೇಲೆ ಎಕ್ಕದ ಎಲೆ ಇಟ್ಟು ಸ್ನಾನ ಮಾಡಿಸುತ್ತೇವೆ. ಎಕ್ಕದ ಗಿಡ ಇಲ್ಲಿನ ಮರಳಿನಲ್ಲೂ ತಾನಾಗಿ ಬೆಳೆಯುತ್ತದೆ, ಸ್ಥಳೀಯರು ಅದನ್ನು 'ಉಶರ್' ಎನ್ನುತ್ತಾರೆ. ಎಲೆ ಹೊಂದಿಸುವುದು ಸುಲಭ. ಏಕೆ ಏಳು ಎಲೆ, ಏಕೆ ಆ ದಿನ ಎಂದು ಹೇಳಲು ಮಾತ್ರ ಬೆಳಗಿನ ಗಡಿಬಿಡಿಯಲ್ಲಿ ಪುರುಸೊತ್ತು ಸಿಗುವುದಿಲ್ಲ. ಹೇಳದೆ ಹೋದರೆ ಅವರ ಕೈಯಲ್ಲಿ ಉಳಿಯುವುದು ಬರೀ ಎಲೆ.

ಈ ವಾರಾಂತ್ಯ ಒಂದು ಆಟ ಆಡಿ. ದೇವರ ಮನೆಯಿಂದಲೋ ಅಡುಗೆಮನೆಯಿಂದಲೋ ಒಂದು ವಸ್ತು ತಂದು ಮೇಜಿನ ಮೇಲಿಡಿ. ಒರಳುಕಲ್ಲು, ಆರತಿ ತಟ್ಟೆ, ಶಾವಿಗೆ ಒರಳು, ಏನಾದರೂ ಸರಿ. ಎರಡು ಸಾವಿರ ವರ್ಷದ ನಂತರ ಇದು ಅಗೆಯುವವರಿಗೆ ಸಿಕ್ಕರೆ ಏನೆಂದುಕೊಳ್ಳಬಹುದು ಎಂದು ಮಕ್ಕಳನ್ನೇ ಕೇಳಿ. ಬರುವ ಉತ್ತರಗಳಿಗೆ ಮನೆಯವರೆಲ್ಲ ಹೊಟ್ಟೆ ಹಿಡಿದು ನಗುವುದು ಖಂಡಿತ. ನಕ್ಕು ಮುಗಿದ ಮೇಲೆ ಅದರ ಹೆಸರು, ಅದನ್ನು ಯಾರು ಕೊಟ್ಟರು, ಅಜ್ಜಿ ಅದನ್ನು ಹೇಗೆ ಬಳಸುತ್ತಿದ್ದರು ಎಂಬುದನ್ನು ಕನ್ನಡದಲ್ಲಿ ಹೇಳಿ. ನಿಮಗೇ ಗೊತ್ತಿಲ್ಲದಿದ್ದರೆ ಅಲ್ಲೇ ಊರಿಗೆ ಫೋನ್ ಮಾಡಿ, ಮಗುವಿನ ಕೈಗೇ ಫೋನ್ ಕೊಡಿ. ಕೇಳಿದ್ದಕ್ಕೆ ಉತ್ತರ ಕೊಡುವವರು ಇರುವಾಗಲೇ ಕೇಳಿ ಇಟ್ಟುಕೊಳ್ಳಬೇಕು.