ಕುದುರೆಮುಖ ಪರ್ವತವೂ ಪ್ರಜೆಗಳ ಪ್ರವೇಶವೂ

ಬಯಲುಸೀಮೆಯವರಾದ ನಮಗೆ ಬೆಟ್ಟವೆಂಬುದು ಯಾತ್ರೆಯ ಹಾದಿಯಲ್ಲಿ ಮೋಟಾರಿನ ಕಿಟಕಿಯಿಂದ ಕಾಣುವ ವಸ್ತು. ಹೂವಿನ ಹಿಪ್ಪರಗಿ, ಬಸವನ ಬಾಗೇವಾಡಿ, ಸಿಂದಗಿ, ಇಂಡಿಗಳ ಕಡೆಯಿಂದ ಶೃಂಗೇರಿ, ಹೊರನಾಡು, ಧರ್ಮಸ್ಥಳಗಳಿಗೆ ಹೋಗಿಬರುವವರು ಕಳಸದ ಸುತ್ತಲಿನ ಹಸುರು ಗುಡ್ಡಗಳನ್ನು ನೋಡಿ, ಬೆರಗಾಗಿ, ಮುಂದೆ ಸಾಗುವರು. ಆ ಗುಡ್ಡಗಳ ನಡುವಿನ ಕುದುರೆಮುಖ ಶಿಖರವನ್ನು ಕಾಲುನಡಿಗೆಯಿಂದ ಏರಬಹುದೆಂಬುದೂ, ಏರುವುದಕ್ಕೆ ಸರಕಾರದ ಅಪ್ಪಣೆ ಬೇಕೆಂಬುದೂ, ಆ ಅಪ್ಪಣೆ ದೊರೆಯುವ ಬಗೆಯಲ್ಲಿ ನ್ಯಾಯದ ಪ್ರಶ್ನೆಯೊಂದು ಅಡಗಿದೆಯೆಂಬುದೂ ಅವರಲ್ಲಿ ಬಹುಮಂದಿಗೆ ತಿಳಿಯದು. ಈ ದಿನ ಆ ವಿಷಯವನ್ನೇ ವಾಚಕರ ಮುಂದಿಡಬೇಕೆಂದಿದ್ದೇವೆ.

ಸಹ್ಯಾದ್ರಿಯ ಏಣಿನ ಮೇಲೆ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಈ ಮೂರು ಜಿಲ್ಲೆಗಳ ಸಂಧಿಯಲ್ಲಿ, ಸುಮಾರು 600 ಚದರ ಕಿಲೋಮೀಟರು ವಿಸ್ತಾರದ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಅದರ ಶಿರೋಭಾಗವೇ ಕುದುರೆಮುಖ. ಎತ್ತರ ಸುಮಾರು 1,890 ಮೀಟರು, ಎಂದರೆ 6,200 ಅಡಿ. ಮುಳ್ಳಯ್ಯನಗಿರಿಗಿಂತ ಸ್ವಲ್ಪವೇ ತಗ್ಗು. ಪಶ್ಚಿಮದ ಕಡೆಯಿಂದ ನೋಡುವವರಿಗೆ ಅದು ಕುದುರೆಯ ಮೋರೆಯಂತೆ ತೋರುವುದು. ಕಡಲಿನಲ್ಲಿ ಹಡಗು ನಡೆಸುವವರಿಗೆ ಒಂದು ಕಾಲಕ್ಕೆ ಅದು ಗುರುತಾಗಿತ್ತು. ಘಟ್ಟದ ಮೇಲಿನವರು ಸಂಸೆ ಗ್ರಾಮದ ಕಡೆಯಿಂದ ಏರುತ್ತಿದ್ದುದರಿಂದ ಸಂಸೆಪರ್ವತವೆಂದೂ ಕರೆದರು. ಒಂದೇ ಬೆಟ್ಟಕ್ಕೆ ಕೆಳಗಿನವರದೊಂದು ಹೆಸರು, ಮೇಲಿನವರದೊಂದು ಹೆಸರು. ಆಂಗ್ಲರ ಆಳಿಕೆಯಲ್ಲಿ ದಕ್ಷಿಣ ಕನ್ನಡದ ದೊರೆಗಳು ಬೇಸಗೆಯ ಬೇಗೆ ತಪ್ಪಿಸಿಕೊಳ್ಳಲು ಈ ಬೆಟ್ಟವನ್ನೇರಿ ಬಂಗಲೆಯಲ್ಲಿ ತಂಗುತ್ತಿದ್ದರು. ಆಗ ಅಪ್ಪಣೆಯ ಪ್ರಶ್ನೆ ಏಳಲಿಲ್ಲ. ಅಪ್ಪಣೆ ಕೊಡುವವರೂ ಅವರೇ, ಪಡೆಯುವವರೂ ಅವರೇ.

ಈಗಿನ ದಾರಿಯೂ ಸಂಸೆಯ ಕಡೆಯಿಂದಲೇ. ಅಲ್ಲಿಂದ ಜೀಪುಗಳು ಕಲ್ಲುಕೊರಕಲಿನ ಹಾದಿಯಲ್ಲಿ ಮುಳ್ಳೋಡಿಯವರೆಗೆ ಹೋಗುವವು. ಮುಂದೆ ಕಾಲೇ ಗತಿ. ಹೋಗಿಬರುವುದಕ್ಕೆ ಸುಮಾರು 20 ಕಿಲೋಮೀಟರು. ಹಳ್ಳಗಳನ್ನು ದಾಟಿ, ಶೋಲಾ ಕಾಡಿನ ತಂಪಿನಲ್ಲಿ ನುಸುಳಿ, ಮರವಿಲ್ಲದ ಹುಲ್ಲಿನ ಏಣುಗಳನ್ನು ಒಂದಾದ ಮೇಲೊಂದು ಹತ್ತಿ ಶಿಖರ ಮುಟ್ಟಬೇಕು. ಮಳೆಗಾಲದಲ್ಲಿ ಇಂಬಳಗಳು ಕಾಲು ಬಿಡವು, ಮಂಜು ಕಣ್ಣು ಬಿಡಿಸದು. ಮುಂಜಾನೆ ಹೊರಟು ಸಂಜೆಯೊಳಗೆ ಇಳಿಯತಕ್ಕದ್ದು. ಮೇಲೆ ರಾತ್ರಿ ತಂಗುವುದು ನಿಷಿದ್ಧ. ಈ ನಿಷೇಧವನ್ನು ನಾವು ಮನಃಪೂರ್ವಕವಾಗಿ ಒಪ್ಪುವೆವು. ಒಲೆಯ ಕಿಡಿಯೊಂದು ಒಣಗಿದ ಹುಲ್ಲಿಗೆ ತಗಲಿದರೆ ಮಾಘ ಫಾಲ್ಗುಣಗಳಲ್ಲಿ ಏನಾಗುವುದೆಂಬುದನ್ನು ಬಣವೆಗೆ ಬೆಂಕಿ ಬಿದ್ದುದನ್ನು ಕಂಡ ನಮ್ಮ ರೈತರಿಗೆ ವಿವರಿಸಬೇಕಾಗಿಲ್ಲ.

ಹುಲ್ಲುಗುಡ್ಡವೆಂದರೆ ಬರಿದಾದ ಗುಡ್ಡವೆಂದು ತಿಳಿಯುವುದು ತಪ್ಪು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 600 ಮಿಲಿಮೀಟರು ಮಳೆ ಬಂದರೆ ಸಂತೋಷಪಡುವೆವು. ಕುದುರೆಮುಖದಲ್ಲಿ ಬೀಳುವುದು ಅದರ ಹತ್ತು ಪಟ್ಟಿಗಿಂತಲೂ ಹೆಚ್ಚು. ಅಷ್ಟು ನೀರು ಬೋಳು ಮಣ್ಣಿನ ಮೇಲೆ ಸುರಿದರೆ ಮಣ್ಣೂ ನೀರೂ ಕೂಡಿಯೇ ಕಡಲು ಸೇರಿಬಿಡುವುವು. ಹುಲ್ಲಿನ ದಟ್ಟವಾದ ಬೇರು ಅದರ ವೇಗ ಮುರಿಯುವುದು. ಗುಡ್ಡಗಳ ಮಡಿಕೆಯಲ್ಲಿ ಬೆಳೆದ ಶೋಲಾ ಕಾಡು ಅದನ್ನು ಹೀರಿಟ್ಟುಕೊಂಡು ಬೇಸಗೆಯವರೆಗೆ ಹನಿಹನಿಯಾಗಿ ಬಿಡುವುದು. ಇಲ್ಲಿನ ಗಂಗಾಮೂಲದಲ್ಲಿ ಹುಟ್ಟುವವು ತುಂಗಾ, ಭದ್ರಾ, ನೇತ್ರಾವತಿಗಳು. ನೇತ್ರಾವತಿ ಪಶ್ಚಿಮಕ್ಕಿಳಿದು ಮಂಗಳೂರಿನ ಬಳಿ ಕಡಲು ಸೇರಿದರೆ, ತುಂಗೆಯೂ ಭದ್ರೆಯೂ ಪೂರ್ವಕ್ಕೆ ಹರಿದು ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಅಣೆಕಟ್ಟಿನಿಂದ ಬಳ್ಳಾರಿ, ಕೊಪ್ಪಳ, ರಾಯಚೂರುಗಳ ಗದ್ದೆಗಳಿಗೆ ಹಾಯುವವು. ನಮ್ಮ ಡೋಣಿ ಸೀಮೆಗೆ ಅದರ ಒಂದು ಹನಿಯೂ ಬಾರದೆಂಬುದು ನಿಜ. ಆದರೆ ಆಲಮಟ್ಟಿಯಲ್ಲಿ ತಡೆದು ನಿಲ್ಲಿಸಿದ ಕೃಷ್ಣೆಯೂ ಇದೇ ಸಹ್ಯಾದ್ರಿಯ ಮಗಳಷ್ಟೆ. ಮಹಾಬಳೇಶ್ವರದಲ್ಲಿ ನಡೆಯುವುದೇ ಕುದುರೆಮುಖದಲ್ಲಿಯೂ ನಡೆಯುವುದು. ಬೆಟ್ಟವನ್ನು ಕಾಣದ ನಾಡಿಗೂ ಬೆಟ್ಟದ ಋಣ ತಪ್ಪಿದ್ದಲ್ಲ.

ಈ ಬೆಟ್ಟ ಒಮ್ಮೆ ಬಹು ದೊಡ್ಡ ಗಂಡಾಂತರದಿಂದ ಪಾರಾಗಿದೆ. 1976ರಲ್ಲಿ ಕೇಂದ್ರ ಸರಕಾರವು ಇರಾನ್ ದೇಶಕ್ಕೆ ಕಬ್ಬಿಣದ ಅದಿರು ಒದಗಿಸುವ ಉದ್ದೇಶದಿಂದ ಇಲ್ಲಿ ಕಂಪನಿಯನ್ನು ಸ್ಥಾಪಿಸಿತು. 1979ರಲ್ಲಿ ಅಲ್ಲಿಯ ಷಹಾನ ಸಿಂಹಾಸನ ಉರುಳಿತು. ಅದರೊಡನೆ ಒಪ್ಪಂದವೂ ಉರುಳಿತು. ಗಣಿ ಮಾತ್ರ ನಿಲ್ಲಲಿಲ್ಲ. ಅಗೆದು ತೊಳೆದ ಅದಿರಿನ ರಾಡಿಯನ್ನು 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಹರಿಯಿಸಿದರು. ಉಳಿದ ಹೂಳನ್ನು ಲಕ್ಯಾ ಹಳ್ಳಕ್ಕೆ ಒಡ್ಡು ಕಟ್ಟಿ ತುಂಬಿದರು. ಮಳೆಗಾಲದಲ್ಲಿ ಭದ್ರೆ ಕೆಂಪಾಗಿ ಹರಿದಳು. ಗುತ್ತಿಗೆಯ ಅವಧಿ 1999ರಲ್ಲಿ ಮುಗಿದ ಮೇಲೂ ಕೆಲಸ ಮುಂದುವರಿದಾಗ ಅರಣ್ಯ ಇಲಾಖೆಯ ನಿವೃತ್ತ ಅಧಿಕಾರಿ ಕೆ. ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 2002ರ ಅಕ್ಟೋಬರ 30ರಂದು ಬಂದ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. 2012ರಲ್ಲಿ ಯುನೆಸ್ಕೋ ಸಂಸ್ಥೆಯು ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಅದರಲ್ಲಿತ್ತು. ನಿವೃತ್ತಿ ಹೊಂದಿದವರು ಮನೆಯ ಜಗಲಿಯ ಮೇಲೆ ಕುಳಿತು ಪಿಂಚಣಿಯ ಎಣಿಕೆ ಮಾಡುತ್ತಿರುವುದೇ ರೂಢಿಯಾಗಿರುವ ನಮ್ಮ ಅಧಿಕಾರವರ್ಗದವರು ಚಿಣ್ಣಪ್ಪನವರನ್ನು ಒಂದಿಷ್ಟು ನೆನೆದರೆ ತಪ್ಪಾಗಲಾರದು.

ಗಣಿಯವರು ಹೋದರು, ವಿಹಾರಿಗಳು ಬಂದರು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೆ ಕಾಲ್ತುಳಿತವೂ ಒಂದು ಬಗೆಯ ಅಗೆತವೇ. 2024ರ ಜನವರಿಯ ಕೊನೆಯಲ್ಲಿ ರಜೆಗಳು ಕೂಡಿಬಂದಾಗ ಸುಬ್ರಹ್ಮಣ್ಯದ ಮೇಲಿನ ಕುಮಾರಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ ಚಿತ್ರಗಳನ್ನು ವಾಚಕರು ಕಂಡಿರಬಹುದು. ಬೆಟ್ಟದ ಕಾಲುದಾರಿಯಲ್ಲಿ ಜಾತ್ರೆಯ ತೇರು ಎಳೆದಂತಿತ್ತು. ಆಮೇಲೆ ಸರಕಾರ ಎಚ್ಚತ್ತುಕೊಂಡು, ಮುಂಗಡವಾಗಿ ಜಾಲತಾಣದಲ್ಲಿ ಚೀಟಿ ಪಡೆಯದ ಚಾರಣಗಳನ್ನು ನಿಲ್ಲಿಸಿತು. ಕುದುರೆಮುಖದಂಥ ಶಿಖರಗಳಿಗೆ ದಿನಕ್ಕೆ 300 ಜನರೆಂಬ ಮಿತಿ ಹಾಕಿತು. ಜಪಾನಿನವರೂ ಅದೇ ವರ್ಷ ತಮ್ಮ ಪೂಜ್ಯವಾದ ಫ್ಯೂಜಿ ಪರ್ವತದ ಒಂದು ಮುಖ್ಯ ದಾರಿಗೆ ದಿನಕ್ಕೆ 4,000 ಜನರ ಮಿತಿಯನ್ನೂ ಶುಲ್ಕವನ್ನೂ ಗೊತ್ತುಮಾಡಿದರು. ಆದುದರಿಂದ ಮಿತಿಯನ್ನು ಜನವಿರೋಧಿಯೆಂದು ಕೂಗಾಡುವವರೊಡನೆ ನಾವು ದನಿಗೂಡಿಸಲಾರೆವು. ಬಾವಿಗೆ ಕಟ್ಟೆಯಿರುವುದು ನೀರು ಕೊಡಬಾರದೆಂದಲ್ಲ.

ನಮ್ಮ ಆಕ್ಷೇಪಣೆಯಿರುವುದು ಮಿತಿಯೊಳಗಿನ ಹಂಚಿಕೆಯ ಬಗ್ಗೆ. ಯಾರ ಬೆರಳು ಚುರುಕೋ, ಯಾರ ಮನೆಯಲ್ಲಿ ತಂತಿಯ ಸಂಪರ್ಕ ವೇಗವೋ ಅವರಿಗೆ ಚೀಟಿ. ಶನಿವಾರ ಭಾನುವಾರಗಳ ಚೀಟಿಗಳು ಬಹು ಬೇಗ ತೀರಿಹೋಗುವವು. ದೊರಕಿಸಿಕೊಂಡವರಲ್ಲಿ ರಾಜಧಾನಿಯ ನೌಕರವರ್ಗದವರೇ ಹೆಚ್ಚಾದರೆ ಆಶ್ಚರ್ಯವಿಲ್ಲ. ಅವರ ಮೇಲೆ ನಮಗೆ ಮತ್ಸರವಿಲ್ಲ. ಅವರೂ ಕನ್ನಡನಾಡಿನವರೇ, ವಾರವೆಲ್ಲ ದುಡಿದು ದಣಿದವರೇ. ಆದರೆ ಹೂವಿನ ಹಿಪ್ಪರಗಿಯ ಶಾಲಾಮಾಸ್ತರರೊಬ್ಬರು ಹತ್ತನೆಯ ಇಯತ್ತೆಯ ಇಪ್ಪತ್ತು ಹುಡುಗರನ್ನು ಕರೆದುಕೊಂಡು ಹೊರಡಬೇಕಾದರೆ ಪಾಲಕರ ಒಪ್ಪಿಗೆ, ಮೇಲಧಿಕಾರಿಗಳ ಅಪ್ಪಣೆ, ಬಸ್ಸಿನ ಬಾಡಿಗೆ ಇವೆಲ್ಲ ಕೂಡಿಬರುವಷ್ಟರಲ್ಲಿ ಚೀಟಿಗಳ ಪುಸ್ತಕ ಮುಚ್ಚಿರುವುದು. ಒಂದು ರಾತ್ರಿ ಒಂದು ಹಗಲು ಪ್ರಯಾಣ ಮಾಡಿ ಹೋದವರು ಬಾಗಿಲಲ್ಲಿ ನಿಂತು ಬೇಡಿದರೂ ಪ್ರಯೋಜನವಿಲ್ಲ. ಭೂಗೋಲದ ಪುಸ್ತಕದಲ್ಲಿ ಸಹ್ಯಾದ್ರಿಯ ಹೆಸರನ್ನು ಬಾಯಿಪಾಠ ಮಾಡಿ ಅಂಕ ಗಳಿಸಿದ ನಮ್ಮ ಬಾಲಕರಿಗೆ ಆ ಸಹ್ಯಾದ್ರಿಯ ಮೇಲೆ ನಿಂತು ಒಂದು ಕಡೆ ಕಡಲನ್ನೂ ಇನ್ನೊಂದು ಕಡೆ ತಮ್ಮ ನಾಡಿನ ದಿಕ್ಕನ್ನೂ ನೋಡುವ ಭಾಗ್ಯ ಬೇಡವೆ? ಏಕೀಕರಣವಾಗಿ 1956ರಿಂದ ಎಷ್ಟೋ ವರ್ಷ ಸಂದವು. ಬಯಲಿನ ಹುಡುಗನು ಮಲೆನಾಡನ್ನು ಕಾಣದೆ, ಮಲೆನಾಡಿನವನು ಎರೆಯ ಬಿಳಿಜೋಳದ ಹೊಲವನ್ನು ಕಾಣದೆ ಉಳಿದರೆ ಕೂಡಿದುದು ನಕಾಶೆ ಮಾತ್ರ.

ಬೆಟ್ಟದ ಬುಡದಲ್ಲಿಯೇ ಇರುವವರ ಮಾತೂ ಇದೆ. ಉದ್ಯಾನದ ಒಳಗೂ ಅಂಚಿನಲ್ಲೂ ಮಲೆಕುಡಿಯರೂ ಇತರ ಬಡ ಒಕ್ಕಲುಗಳೂ ತಲೆಮಾರುಗಳಿಂದ ಬಾಳಿದ್ದಾರೆ. ಉದ್ಯಾನವಾದಂದಿನಿಂದ ಎತ್ತಂಗಡಿಯ ಅಂಜಿಕೆ ಅವರ ಬೆನ್ನು ಬಿಟ್ಟಿಲ್ಲ. ಚಾರಣಿಗರ ಜೀಪು, ಊಟ, ವಸತಿಗಳಿಂದ ಕೆಲವರಿಗೆ ನಾಲ್ಕು ಕಾಸು ಸಿಕ್ಕುತ್ತಿರುವುದು ಸಂತೋಷದ ಸಂಗತಿ. ಅವರಿಗೆ ತಿಳಿದಷ್ಟು ಹಾದಿ ಯಾವ ನಕಾಶೆಗೂ ತಿಳಿಯದು. ದಾರಿ ತೋರುವ ಕೆಲಸವು ಅವರದೇ ಆಗತಕ್ಕದ್ದು, ಕೂಲಿಯೂ ಮಧ್ಯಸ್ಥರ ಕೈ ಸೇರದೆ ಅವರ ಕೈ ಸೇರತಕ್ಕದ್ದು.

ಸರಕಾರಕ್ಕೆ ನಮ್ಮ ಸೂಚನೆ ಇಷ್ಟೇ. 300ರ ಮಿತಿಯನ್ನು ಒಬ್ಬ ಮನುಷ್ಯನಷ್ಟೂ ಏರಿಸುವುದು ಬೇಡ. ಆದರೆ ಅದರಲ್ಲಿ ಒಂದು ಪಾಲನ್ನು, ವಾರದ ಕೆಲಸದ ದಿನಗಳಲ್ಲಾದರೂ ಸರಿಯೇ, ಶಾಲೆ ಕಾಲೇಜುಗಳಿಗಾಗಿ ಮೀಸಲಿಡಲಿ. ಘಟ್ಟದಿಂದ ದೂರವಿರುವ ಜಿಲ್ಲೆಗಳ ಶಾಲೆಗಳಿಗೆ ಮೊದಲ ಸರದಿ ಸಲ್ಲಲಿ. ಅರ್ಜಿಯನ್ನು ಟಪಾಲಿನ ಮೂಲಕವಾಗಲಿ, ಶಿಕ್ಷಣ ಇಲಾಖೆಯ ತಾಲ್ಲೂಕು ಕಚೇರಿಯ ಮೂಲಕವಾಗಲಿ ಎರಡು ಮೂರು ತಿಂಗಳು ಮುಂಚೆಯೇ ಸ್ವೀಕರಿಸಲಿ. ಚಾರಣಿಗರಿಂದ ಕೂಡಿದ ಶುಲ್ಕವೆಷ್ಟು, ಅದರಲ್ಲಿ ಬೆಂಕಿರೇಖೆಗೆಷ್ಟು, ಕಸ ಹೊರುವುದಕ್ಕೆಷ್ಟು, ಗ್ರಾಮಸ್ಥರಿಗೆಷ್ಟು ಹೋಯಿತೆಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಪತ್ರಿಕೆಗಳಲ್ಲಿ ಪ್ರಕಟಿಸಲಿ. ಮುದುಕರಿಗೂ ಅಶಕ್ತರಿಗೂ ಅನುಕೂಲವೆಂಬ ನೆವದಿಂದ ಶಿಖರದವರೆಗೆ ರಸ್ತೆ ಬೇಕು, ತೂಗುಬಂಡಿ ಬೇಕು ಎಂದು ಯಾರಾದರೂ ಮುಂದೆ ಬಂದರೆ ಆ ಅರ್ಜಿಯನ್ನು ಓದುವ ಮುನ್ನವೇ ಬದಿಗಿಡಲಿ. ಈ ಪಂಕ್ತಿಗಳನ್ನು ಬರೆಯುವವರಿಗೂ ಮೊಳಕಾಲು ನೋವುಂಟು; ಸಂಸೆಯ ರಸ್ತೆಯಲ್ಲಿ ನಿಂತು ಕೆಳಗಿನಿಂದಲೇ ನೋಡಿ ಬರಲು ನಮಗೇನೂ ಬೇಸರವಿಲ್ಲ.

ಮುಂದಿನ ಚಾರಣದ ಋತುವಿನ ನಿಯಮಗಳನ್ನು ಅರಣ್ಯ ಇಲಾಖೆ ಗೊತ್ತುಮಾಡುವ ಮೊದಲೇ ಬಿಜಾಪುರ ಸೀಮೆಯ ಶಾಸಕರು ಈ ಮಾತನ್ನು ವಿಧಾನಸಭೆಯಲ್ಲಿ ಎತ್ತುವರೆಂದು ನಿರೀಕ್ಷಿಸುತ್ತೇವೆ. ಎತ್ತಿದವರ ಹೆಸರನ್ನೂ, ಅವರಿಗೆ ದೊರೆತ ಉತ್ತರವನ್ನೂ ಇದೇ ಪುಟದಲ್ಲಿ ಅಚ್ಚು ಹಾಕುವೆವು.