ಹತ್ತು ತಿಂಗಳ ಗುರು, ಎರಡು ತಿಂಗಳ ಉಪವಾಸ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳು ಸರಕಾರಕ್ಕೆ ನೆನಪಾಗುವುದು ಎರಡೇ ಸಲ: ನವೆಂಬರ್ ಒಂದರಂದು, ಮತ್ತು ಗಡಿಯ ತಕರಾರು ಎದ್ದಾಗ. ಗಡಿಯಲ್ಲಿ ಕನ್ನಡ ಉಳಿಯಬೇಕೆಂದು ಆಗ ಗುಡುಗುವ ಮಂತ್ರಿಗಳಿಗೆ ನಮ್ಮದೊಂದು ಪ್ರಶ್ನೆ: ಕನ್ನಡ ಕಲಿಸಲೆಂದೇ ಓದಿದವರ ಹೊಟ್ಟೆಯ ಗತಿ ಏನು?

ಕಬ್ಬು ಕಡಿಯುವ ತಂದೆ, ಬೀಡಿ ಕಟ್ಟುವ ತಾಯಿ ಸಾಲ ಮಾಡಿ ಮಗನನ್ನೋ ಮಗಳನ್ನೋ ಕನ್ನಡ ಎಂ.ಎ.ಗೆ ಕಳಿಸುತ್ತಾರೆ. 2010ರಲ್ಲಿ ಬೆಳಗಾವಿಗೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದ ಮೇಲೆ ಧಾರವಾಡದ ದಾರಿಖರ್ಚು ತಪ್ಪಿತು, ನಿಜ. ಆದರೆ ಎಂ.ಎ.ಗೆ 2 ವರ್ಷ. ಹೈಸ್ಕೂಲ ಮಾಸ್ತರನಾಗಲು ಬಿ.ಇಡಿ.ಗೆ ಮತ್ತೆ 2 ವರ್ಷ; 2015ಕ್ಕೆ ಮೊದಲು ಅದು ಒಂದೇ ವರ್ಷದ್ದಾಗಿತ್ತು. ಕಾಲೇಜಿಗೆ ಹೋಗಬೇಕಾದರೆ ನೆಟ್, ಇಲ್ಲವೆ ಕೆ-ಸೆಟ್. ಇಷ್ಟು ಮೆಟ್ಟಿಲು ಹತ್ತಿದವನಿಗೆ ಕೊನೆಗೆ ತೆರೆಯುವ ಬಾಗಿಲಿನ ಹೆಸರು ‘ಅತಿಥಿ’.

ನಮ್ಮ ಮನೆಗಳಲ್ಲಿ ಅತಿಥಿಗೆ ಮೊದಲ ಎಡೆ. ಸರಕಾರದ ಮನೆಯಲ್ಲಿ ಅತಿಥಿಗೆ ಕೊನೆಯ ಪಂಕ್ತಿ. ಸರಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ 2022ರ ಜನವರಿಯಲ್ಲಿ 26,000ದಿಂದ 32,000 ರೂಪಾಯಿವರೆಗೆ ಗೌರವಧನ ಗೊತ್ತುಮಾಡಲಾಯಿತು. ಜತೆಗೇ ವಾರದ ಪಾಠವನ್ನು 15 ತಾಸಿಗೆ ಏರಿಸಿದರು. ಇಬ್ಬರ ಕೆಲಸ ಒಬ್ಬನ ಪಾಲಾಯಿತು. ಇನ್ನೊಬ್ಬ ಮನೆಗೆ ಹೋದ. 2023ರ ನವೆಂಬರಿನಲ್ಲಿ ಅವರು ತರಗತಿ ಬಹಿಷ್ಕರಿಸಿ ಬೀದಿಗಿಳಿದ ಮೇಲೆ ಸೇವೆಯ ವರ್ಷ ನೋಡಿ 5,000ದಿಂದ 8,000 ಹೆಚ್ಚಿಸಲಾಯಿತು. ಅವರು ಕೇಳಿದ್ದು ಖಾಯಂ ನೌಕರಿ. ಅದು ಸಿಗಲಿಲ್ಲ. ಇದನ್ನು ‘ಪಗಾರ’ ಎನ್ನಲು ಸರಕಾರಕ್ಕೆ ಬಾಯಿ ಬರುವುದಿಲ್ಲ. ಪಗಾರವೆಂದರೆ ಹಕ್ಕು, ಗೌರವಧನವೆಂದರೆ ಕೃಪೆ.

ಸಕ್ಕರೆ ಕಾರ್ಖಾನೆಯ ಕಾಮಗಾರ ಬಂಧುಗಳಿಗೆ ಈ ಆಟ ಬೇಗ ತಿಳಿಯುತ್ತದೆ. ಹಂಗಾಮು ಮುಗಿದರೂ ಮುಂದಿನ ಹಂಗಾಮಿಗೆ ಇದೇ ಕೈ ಬೇಕು ಎಂಬ ನ್ಯಾಯದ ಮೇಲೆಯೇ ಸಕ್ಕರೆ ಉದ್ದಿಮೆಯ ಹಂಗಾಮಿ ಕಾಮಗಾರರಿಗೆ ‘ರಿಟೇನಿಂಗ್ ಅಲೊವನ್ಸ್’ ಎಂಬ ಪದ್ಧತಿ ಬಂದದ್ದು. ಎಂ.ಎ. ಓದಿದ ಅತಿಥಿಗೆ ಅದೂ ಇಲ್ಲ. 2022ರ ಆ ಆದೇಶದಲ್ಲಿ ಅವನ ವರ್ಷಕ್ಕೆ 10 ತಿಂಗಳು ಮಾತ್ರ! ಉಳಿದೆರಡು ತಿಂಗಳು ಅವನ ಮಕ್ಕಳು ಗಾಳಿ ಉಣ್ಣುತ್ತವೆಯೇ? ಇಲ್ಲ; ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸುತ್ತಾರೆ. ಅಂಗಡಿಕಾರ ಬಂಧುಗಳೇ, ಸರಕಾರ ಕೊಡದ ಪಗಾರ ನಿಮ್ಮ ಉದ್ರಿ ವಹಿಯಲ್ಲಿ ಕುಳಿತಿದೆ.

‘ಕನ್ನಡ ಓದಿ ಕೆಟ್ಟ, ಬೇರೆ ಕಸಬು ನೋಡಬಾರದಿತ್ತೇ?’ ಎನ್ನುವವರಿದ್ದಾರೆ. ಕೆಲಸವೇ ಇಲ್ಲದಿದ್ದರೆ ಆ ಮಾತು ಒಪ್ಪಬಹುದಿತ್ತು. 2015ರ ಕನ್ನಡ ಭಾಷಾ ಕಲಿಕಾ ಕಾಯದೆ ಎಲ್ಲ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಇಲ್ಲವೆ ದ್ವಿತೀಯ ಭಾಷೆಯಾಗಿ ಕಡ್ಡಾಯ ಮಾಡಿದೆ. ನಿಪ್ಪಾಣಿ, ಕಾಗವಾಡಗಳಲ್ಲಿ ಮನೆಯಲ್ಲಿ ಮರಾಠಿ ಆಡುವ ಮಕ್ಕಳು ಬಹಳ. ನಾಳೆ ಕಚೇರಿಯ ಕಾಗದ ಓದಲು, ನೌಕರಿ ಹಿಡಿಯಲು ಆ ಮಕ್ಕಳಿಗೂ ಕನ್ನಡ ಬೇಕು. ಅಂಥವರಿಗೆ ಕನ್ನಡವನ್ನು ಪ್ರೀತಿಯಿಂದ ಕಲಿಸುವುದು ವರ್ಷಕ್ಕೊಬ್ಬ ಬದಲಾಗುವ ಮಾಸ್ತರನಿಂದ ಆಗದು. ಕಾಯದೆ ಕಡ್ಡಾಯ, ಮಾಸ್ತರ ಮಾತ್ರ ತಾತ್ಪೂರ್ತಿಕ! ಜಗಳ ಮರಾಠಿಗೂ ಕನ್ನಡಕ್ಕೂ ಅಲ್ಲ. ಎರಡೂ ಭಾಷೆಯ ಬಡವರಿಗೂ ಮಾತಿನಲ್ಲೇ ಹೊಟ್ಟೆ ತುಂಬಿಸುವ ಸರಕಾರಕ್ಕೂ.

ನಮ್ಮ ಬೇಡಿಕೆ ಮೂರು. ಗಡಿ ತಾಲೂಕುಗಳ ಖಾಲಿ ಕನ್ನಡ ಹುದ್ದೆಗಳನ್ನು ಮೊದಲು ತುಂಬಬೇಕು. ಅಲ್ಲಿಯ ತನಕ ಅತಿಥಿಗಳಿಗೆ 12 ತಿಂಗಳೂ ಪಗಾರ ಕೊಡಬೇಕು. ಖಾಯಂ ನೇಮಕಾತಿಯಲ್ಲಿ ಅವರ ಸೇವೆಗೆ ಅಂಕ ಕೊಡಬೇಕು.

ಬರುವ ರಾಜ್ಯೋತ್ಸವಕ್ಕೆ ಮಂತ್ರಿಗಳು ಬಂದರೆ ಹಾರ ಹಾಕುವ ಮೊದಲು ಕೇಳಿರಿ: ಈ ತಾಲೂಕಿನಲ್ಲಿ ಕನ್ನಡ ಮಾಸ್ತರರ ಎಷ್ಟು ಜಾಗ ಖಾಲಿ ಇವೆ? ಲೆಕ್ಕ ಕೊಡದಿದ್ದರೆ ಆ ಹಾರ ಹೂಗಾರನ ಅಂಗಡಿಯಲ್ಲೇ ಇರಲಿ.