ದಶಪಥ ಬಂತು, ನಮ್ಮೂರಿನ ಬಸ್ಸೆಲ್ಲಿ?

ಕಳೆದ ತಿಂಗಳು ಒಂದು ಭಾನುವಾರ ಸಂಜೆ ಬೆಂಗಳೂರಿನಿಂದ ಮದ್ದೂರಿಗೆ ಹೊರಟಿದ್ದೆ. ಮೈಸೂರು ಬಸ್ ಕಂಡು ಓಡಿಹೋಗಿ ಬಾಗಿಲು ಹಿಡಿದರೆ, ಕಂಡಕ್ಟರ್ ಕೈ ಅಡ್ಡ ಹಿಡಿದರು. ‘ಇದು ಬೈಪಾಸ್ ಗಾಡಿ ಕಣಮ್ಮ, ಮೈಸೂರಿನವರು ಮಾತ್ರ ಹತ್ತಿ. ಮದ್ದೂರಿಗೆ ಹಿಂದಿನ ಬಸ್ಸಿಗೆ ಬನ್ನಿ’ ಎಂದರು. ಹಿಂದೆ ಬಂದ ಎರಡು ಬಸ್‌ಗಳೂ ಬೈಪಾಸ್ ಗಾಡಿಗಳೇ. ನಮ್ಮೂರಿಗೆ ಹೋಗುವ ಬಸ್ ಸಿಗುವ ಹೊತ್ತಿಗೆ, ಮೊದಲ ಬಸ್ಸಿನವರು ಅರ್ಧ ದಾರಿ ಮುಗಿಸಿರಬೇಕು.

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್ 12ರಂದು ಲೋಕಾರ್ಪಣೆಯಾಯಿತು. ಉದ್ದ ಸುಮಾರು 119 ಕಿ.ಮೀ., ವೆಚ್ಚ ಸುಮಾರು ₹8,480 ಕೋಟಿ. ನಡುವೆ ಆರು ಪಥ, ಅಕ್ಕಪಕ್ಕ ತಲಾ ಎರಡು ಪಥದ ಸರ್ವಿಸ್ ರಸ್ತೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಬೈಪಾಸ್‌ಗಳು ಬಳಸಿಕೊಂಡು ಹೋಗುತ್ತವೆ. ಮೂರು ಗಂಟೆಯ ದಾರಿ ಅದರ ಅರ್ಧಕ್ಕೆ ಇಳಿದಿದೆ.

ಇದರ ಲಾಭವನ್ನು ನಾನು ಅಲ್ಲಗಳೆಯುವುದಿಲ್ಲ. ಮದ್ದೂರು ಪೇಟೆಯಲ್ಲಿ ಲಾರಿಗಳ ಸಾಲಿನ ನಡುವೆ ಆಂಬುಲೆನ್ಸ್ ಸಿಕ್ಕಿಕೊಳ್ಳುತ್ತಿದ್ದ ದಿನಗಳನ್ನು ನೋಡಿದ್ದೇನೆ. ಆ ಕಾಟ ತಪ್ಪಿದೆ. ಆದರೆ ಹೆದ್ದಾರಿ ಎಂದರೆ ಎರಡು ದೊಡ್ಡ ನಗರಗಳ ನಡುವಿನ ಕೊಳವೆಯೇ ಅಥವಾ ದಾರಿಯುದ್ದದ ಊರುಗಳನ್ನು ಬೆಳೆಸುವ ಸಾಧನವೇ ಎಂಬ ಪ್ರಶ್ನೆ ಉಳಿದೇ ಇದೆ.

ಹಳೆಯ ದಾರಿಗಳು ಈ ಪ್ರಶ್ನೆಗೆ ಉತ್ತರ ಕೊಟ್ಟಿದ್ದವು. ಮದ್ದೂರು ವಡೆ ಹೆಸರಾದದ್ದು ನಮ್ಮೂರಿನ ರೈಲು ನಿಲ್ದಾಣದಲ್ಲಿ. ಚನ್ನಪಟ್ಟಣದ ಗೊಂಬೆ ಅಂಗಡಿಗಳು, ಬಿಡದಿಯ ತಟ್ಟೆ ಇಡ್ಲಿ ಹೋಟೆಲ್‌ಗಳು ರಸ್ತೆಯ ಬದಿಯಲ್ಲೇ ಬೆಳೆದವು. ವಾಹನ ನಿಂತಲ್ಲಿ ವ್ಯಾಪಾರ, ವ್ಯಾಪಾರ ಇದ್ದಲ್ಲಿ ಕೆಲಸ. ಈಗ ವಾಹನವೇ ಊರಿಗೆ ಬರುವುದಿಲ್ಲ.

ಬರೀ ತಿಂಡಿ, ಗೊಂಬೆಗಳ ಮಾತಲ್ಲ ಇದು. ರಾಮನಗರದಲ್ಲಿ ದೊಡ್ಡ ರೇಷ್ಮೆಗೂಡು ಮಾರುಕಟ್ಟೆ ಇದೆ. ಮದ್ದೂರಿನ ಎಳನೀರು, ಮಂಡ್ಯದ ಬೆಲ್ಲ ಹೊರ ರಾಜ್ಯಗಳಿಗೂ ಹೋಗುತ್ತವೆ. ಬೆಂಗಳೂರಿನ ಕಚೇರಿ, ಕಾರ್ಖಾನೆಗಳಿಗೆ ಇದೇ ಊರುಗಳಿಂದ ಸಾವಿರಾರು ಯುವಕ–ಯುವತಿಯರು ಹೋಗುತ್ತಾರೆ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವಂತಾದರೆ ಪಿ.ಜಿ. ಬಾಡಿಗೆ ಉಳಿಯುತ್ತದೆ, ಬೆಂಗಳೂರಿನ ಮೇಲಿನ ಹೊರೆಯೂ ಇಳಿಯುತ್ತದೆ. ರಸ್ತೆ ಅದಕ್ಕೆ ಬೇಕಾದ ವೇಗ ಕೊಟ್ಟಿದೆ. ಆದರೆ ಆ ವೇಗ ಸಿಗುವುದು ಕಾರು ಇದ್ದು, ಟೋಲ್ ಕಟ್ಟಬಲ್ಲವರಿಗೆ.

2023ರ ಆಗಸ್ಟ್ 1ರಿಂದ ಮುಖ್ಯ ಪಥಗಳಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ನಿಷೇಧವಿದೆ. ಅಪಘಾತಗಳನ್ನು ನೋಡಿದರೆ ಅದು ಸರಿಯಾದ ತೀರ್ಮಾನವೇ. ಆದರೆ ಬೈಕ್ ಬಿಡಿ ಎಂದವರು ಬಸ್ ಕೊಡಬೇಕಲ್ಲವೇ?

ಕೊರತೆ ಇರುವುದು ಡಾಂಬರಿನಲ್ಲಲ್ಲ, ಯೋಜನೆ ಮಾಡುವ ಮೇಜಿನಲ್ಲಿ. ಹೆದ್ದಾರಿಯ ನಕ್ಷೆ ಕೇಂದ್ರದ ಮಟ್ಟದಲ್ಲಿ ಸಿದ್ಧವಾಗುತ್ತದೆ. ಪುರಸಭೆ, ನಗರಸಭೆಗಳಿಗೆ ಯೋಜನೆಯ ಅಧಿಕಾರ ಇರಬೇಕೆಂದು 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಬಯಸಿತ್ತು. ಜಿಲ್ಲಾ ಯೋಜನಾ ಸಮಿತಿಯ ಕಲ್ಪನೆಯೂ ಅದರದ್ದೇ. ಆದರೆ ಬೈಪಾಸ್‌ನಿಂದ ಎಲ್ಲಿ ಇಳಿಯಬೇಕು, ಅಲ್ಲಿಂದ ಊರಿಗೆ ಹೇಗೆ ಬರಬೇಕು ಎಂಬ ಮಾತು ನಮ್ಮಲ್ಲಿ ಶುರುವಾದದ್ದು ರಸ್ತೆ ಮುಗಿದ ಮೇಲೆ.

ಪರಿಹಾರ ದುಬಾರಿಯೇನಲ್ಲ. ಹೆದ್ದಾರಿಗೆ ಹತ್ತಿಳಿಯುವ ಕಡೆ ನೆರಳು, ದೀಪ, ಶೌಚಾಲಯ ಇರುವ ತಂಗುದಾಣ ಬೇಕು. ಅಲ್ಲಿಂದ ಪೇಟೆಗೆ ನಗರಸಭೆಯೋ ಪುರಸಭೆಯೋ ಹೊಂದಿಸಿದ ಮಿನಿ ಬಸ್ ಅಥವಾ ಆಟೊ ಇರಬೇಕು. ವೇಗದೂತ ಬಸ್‌ಗಳಲ್ಲಿ ಕೆಲವಾದರೂ ಇಲ್ಲಿ ನಿಲ್ಲಬೇಕು. ಪಕ್ಕದಲ್ಲೇ ಜೋಡಿ ಹಳಿಯ, ವಿದ್ಯುದೀಕರಣಗೊಂಡ ರೈಲು ಮಾರ್ಗವಿದೆ. ಅದು ಈ ಊರುಗಳನ್ನು ತಪ್ಪಿಸಿ ಹೋಗುವುದಿಲ್ಲ. ಬೆಳಿಗ್ಗೆ, ಸಂಜೆ ಇನ್ನಷ್ಟು ಮೆಮು ರೈಲುಗಳು ಓಡಿದರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ.

ಈಗ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ, ಕೆಜಿಎಫ್ ಕಡೆಯಿಂದ ಸಾಗುತ್ತಿದೆ. ಆ ಊರುಗಳ ನನ್ನ ವಯಸ್ಸಿನವರಿಗೆ ಒಂದು ಮಾತು: ನಿಮ್ಮ ಕೌನ್ಸಿಲರ್, ಶಾಸಕರನ್ನು ಈಗಲೇ ಕೇಳಿ, ಬಸ್ ನಮ್ಮೂರಿನವರಿಗೆ ಎಲ್ಲಿ ನಿಲ್ಲುತ್ತದೆ ಎಂದು. ನಾವು ಅದನ್ನು ತಡವಾಗಿ ಕೇಳಿದೆವು. ಅದಕ್ಕೇ ಭಾನುವಾರ ಸಂಜೆ ಇನ್ನೂ ಹಿಂದಿನ ಬಸ್ಸಿಗೆ ಕಾಯುತ್ತಿದ್ದೇವೆ.